ಪಹಣಿಗೆ ಎಷ್ಟು ಪ್ರತಿ

ಶುಕ್ರವಾರ ಗೊರವನಹಳ್ಳಿಗೆ ಬರುವವರು ಮಹಾಲಕ್ಷ್ಮಿಯ ದರ್ಶನ ಮುಗಿಸಿ, ಪುರಸೊತ್ತಿದ್ದರೆ ತೀತಾ ಜಲಾಶಯದ ಏರಿಯ ಮೇಲೆ ಒಂದಿಷ್ಟು ಓಡಾಡಿ ಹಿಂದಿರುಗುತ್ತಾರೆ. ದಾರಿಯ ಎರಡೂ ಬದಿಯ ರಾಗಿ ಹೊಲ, ತೋಟ, ಬೀಳುಗಳ ಕಡೆ ಅವರ ಗಮನ ಹೋಗದಿರುವುದು ಸಹಜ. ಆದರೆ ಆ ಒಂದೊಂದು ತುಂಡಿಗೂ ಸರ್ವೆ ನಂಬರ್ ಇದೆ, ನಂಬರಿನ ಎದುರು ಯಾರದೋ ಹೆಸರಿದೆ. ಆ ಹೆಸರು ಎಲ್ಲಿ ಬರೆದಿರಬೇಕು, ಎಷ್ಟು ಕಡೆ ಬರೆದಿರಬೇಕು, ಅದನ್ನು ತಿದ್ದುವ ಅಧಿಕಾರ ಯಾರಿಗಿರಬೇಕು? ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಮಧುಗಿರಿ ಉಪವಿಭಾಗದಲ್ಲಿ ಇನ್ನೂರು ವರ್ಷಗಳಿಂದ ಈ ಪ್ರಶ್ನೆಗೆ ಕಾಲಕ್ಕೊಂದು ಉತ್ತರ ಸಿಕ್ಕಿದೆ.

ನಾನು ಈ ಕಡೆಯ ಒಂದು ರೈತರ ಮನೆಯವಳು. ಬೆಂಗಳೂರಿನಲ್ಲಿ ಡೇಟಾಬೇಸ್ ಕ್ಲಸ್ಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದೇ ಮಾಹಿತಿಯನ್ನು ಹಲವು ಯಂತ್ರಗಳಲ್ಲಿ ಇಟ್ಟು, ಒಂದು ಕೆಟ್ಟರೂ ಇನ್ನೊಂದು ನಡೆಯುವಂತೆ ಮಾಡುವುದಕ್ಕೆ ನಾವು ರೆಪ್ಲಿಕೇಶನ್ ಎನ್ನುತ್ತೇವೆ. ಬಳಸುವವರು ಹೆಚ್ಚಿದಂತೆ ಯಂತ್ರಗಳನ್ನೂ ಹೆಚ್ಚಿಸಿ ಭಾರ ಹಂಚುವುದು ಇನ್ನೊಂದು ಕೆಲಸ. ಹೊರಗಿನಿಂದ ನೋಡಿದರೆ ಎರಡೂ ಜೊತೆಜೊತೆಯಾಗಿ ಸಾಗುವಂತೆ ಕಾಣುತ್ತವೆ. ಒಳಗೆ ಅವು ಒಂದನ್ನೊಂದು ಜಗ್ಗುತ್ತವೆ. ಪ್ರತಿಗಳು ಹೆಚ್ಚಿದಷ್ಟೂ ಓದುವವರಿಗೆ ಸಲೀಸು, ಬರೆಯುವವರಿಗೆ ತೊಡಕು, ಯಾಕೆಂದರೆ ಒಂದು ಅಕ್ಷರ ತಿದ್ದಿದರೂ ಎಲ್ಲ ಪ್ರತಿಗಳಲ್ಲೂ ತಿದ್ದಬೇಕು, ಅಷ್ಟರೊಳಗೆ ಯಾರೂ ಹಳೆಯದನ್ನು ಓದಿಕೊಂಡು ಹೋಗಿರಬಾರದು. ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಸಮಸ್ಯೆ ಇದೆಂದು ಕಾಲೇಜಿನಲ್ಲಿ ಓದಿದ್ದೆ. ನಮ್ಮೂರಿನ ಭೂದಾಖಲೆಗಳ ಚರಿತ್ರೆಯನ್ನು ಕೂತು ನೋಡಿದಾಗ, ಊರಿನ ಲೆಕ್ಕ ಬರೆಯುತ್ತಿದ್ದ ಶಾನುಭೋಗರೂ ತಾಲ್ಲೂಕಿನ ಅಮಲ್ದಾರರೂ ಇದೇ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದು ಕಂಡಿತು.

ಮೊದಲು ಇದ್ದದ್ದು ಒಂದೇ ಪ್ರತಿ, ಶಾನುಭೋಗರ ಕಡತ. 1803ರಿಂದ 1808ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ತನ್ನ ಇತಿಹಾಸದಲ್ಲಿ ಕಡತ ಹೇಗಿರುತ್ತಿತ್ತೆಂದು ವಿವರವಾಗಿ ಬರೆದಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆ. ಎರಡೂ ಬದಿಗೆ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಕತ್ತರಿಸದೆ ಪುಟಪುಟವಾಗಿ ಮಡಿಸಿ, ಎರಡು ಕೊನೆಗೂ ಮರದ ಹಲಗೆ ಕೂರಿಸುತ್ತಿದ್ದರು. ಬರೆಯುವುದು ಬಳಪದಿಂದ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು.

ಅಂಥದ್ದೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ನಮ್ಮ ಪಕ್ಕದೂರಿನ ಶಾನುಭೋಗರ ಮನೆಯ ಅಟ್ಟದಲ್ಲಿ ಉಳಿದಿತ್ತು. ಆ ಮನೆಯ ಅಜ್ಜಿ ಅದನ್ನು ಇಳಿಸಿ ಜಗಲಿಯ ಮೇಲೆ ಬಿಚ್ಚಿದರು. "ಮುಟ್ಟಿ ನೋಡಮ್ಮ, ಏನೂ ಆಗಲ್ಲ. ಒದ್ದೆ ಕೈ ಮಾತ್ರ ತಾಕಿಸಬೇಡ" ಎಂದರು. ಬಟ್ಟೆ ಎಂದು ಹೇಳದಿದ್ದರೆ ತೊಗಲು ಅನ್ನಬೇಕು, ಅಷ್ಟು ಬಿಗಿ. ಮಡಿಕೆಗಳ ಅಂಚಿನಲ್ಲಿ ಕಪ್ಪು ಉದುರಿ ನೂಲು ಕಾಣುತ್ತಿತ್ತು. ಬಿಸಿಲಿಗೆ ಓರೆಯಾಗಿ ಹಿಡಿದರೆ ಬಳಪದ ಬಿಳಿ ಗೀರುಗಳ ಕೆಳಗೆ ಅದಕ್ಕೂ ಹಳೆಯ ಗೀರುಗಳ ನೆರಳು ಕಾಣುತ್ತಿತ್ತು. ಯಾರದೋ ಹೆಸರು ಒರೆಸಿ ಯಾರದೋ ಹೆಸರು ಬರೆದಿದೆ, ಆದರೆ ಕೆಳಗಿನ ಹೆಸರು ಓದಲಾಗುವುದಿಲ್ಲ. "ಹುಣಸೆ ಬೀಜ ಅರೆದು ಅಂಟು ಮಾಡೋರು. ನಮ್ಮ ಮಾವನೋರ ಕಾಲಕ್ಕೇ ಕಾಗದ ಬಂದಿತ್ತು. ಆದ್ರೂ ಮನೆ ಲೆಕ್ಕ ಇದರಲ್ಲೇ ಬರೀತಿದ್ರು" ಎಂದರು ಅಜ್ಜಿ.

ಒಂದೇ ಪ್ರತಿ, ಒಬ್ಬನೇ ಬರೆಯುವವನು, ಹಿಂದಿನದು ಓದಲಾಗದಂತೆ ಅಳಿದುಹೋಗುವ ಬರಹ. ಇಂಥ ವ್ಯವಸ್ಥೆಯಲ್ಲಿ ಎರಡು ಪ್ರತಿಗಳ ನಡುವೆ ತಕರಾರು ಹುಟ್ಟುವ ಮಾತೇ ಇಲ್ಲ. ಆದರೆ ಗೆದ್ದಲು ಹಿಡಿದರೆ, ಸೂರು ಸೋರಿದರೆ, ಶಾನುಭೋಗರ ಮನಸ್ಸು ಕೆಟ್ಟರೆ ಊರಿನ ಲೆಕ್ಕವೆಲ್ಲ ಹೋಯಿತು. ನಮ್ಮ ಹಿರಿಯರು ಶಾನುಭೋಗರೆದುರು "ಸ್ವಾಮಿ" ಎಂದು ಕೈಕಟ್ಟಿ ನಿಂತದ್ದಕ್ಕೆ ಜಾತಿ ಒಂದು ಕಾರಣ, ಈ ಏಕಮಾತ್ರ ಪ್ರತಿ ಇನ್ನೊಂದು ಕಾರಣ. ಅದೇ ವೇಳೆಗೆ, ಯಾವ ಬದು ಯಾರದು, ಯಾವ ಬಾವಿಯಲ್ಲಿ ಯಾರಿಗೆಷ್ಟು ಪಾಲು ಎಂಬುದನ್ನು ನೆನಪಿನಿಂದಲೇ ಹೇಳಬಲ್ಲವರಾಗಿದ್ದರು ಶಾನುಭೋಗರು. ಅವರ ತಲೆಯೇ ಎರಡನೆಯ ಪ್ರತಿ.

1863ರಲ್ಲಿ ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಆರಂಭವಾದ ಮೇಲೆ ಈ ಲೋಕ ಬದಲಾಯಿತು. 33 ಅಡಿಯ ಸರಪಳಿ ಹಿಡಿದು ಹೊಲ ಅಳೆದರು. ಸರಪಳಿಯ ಉದ್ದಗಲದ ಚೌಕ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಗಡಿಯಲ್ಲಿ ಕಲ್ಲು ನೆಟ್ಟು ನಂಬರ್ ಕೊಟ್ಟರು. ಅಳತೆಯ ಚಿತ್ರ ಟಿಪ್ಪಣಿಯಲ್ಲಿ, ವಿಸ್ತೀರ್ಣ ಮತ್ತು ಕಂದಾಯ ಆಕಾರಬಂದ್‌ನಲ್ಲಿ. ಹೆಸರು ಏನೇ ಬದಲಾಗಲಿ, ನಂಬರ್ ಬದಲಾಗದು. ಡೇಟಾಬೇಸ್ ಕಟ್ಟುವವರಿಗೆ ಬೇಕಾದ ಮೊದಲ ವಸ್ತು ಇದೇ. ಪ್ರತಿ ದಾಖಲೆಗೂ ಬದಲಾಗದ ಒಂದು ಗುರುತು ಇದ್ದರೆ ಮಾತ್ರ ಎರಡು ಕಡೆಯ ಬರಹವನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಬಹುದು. ಅದಕ್ಕೆ ಮುಂಚೆ "ಹುಣಸೆಮರದ ಮೂಡಲ ಹೊಲ" ಎಂದು ಬರೆದಿದ್ದರೆ, ಮರ ಬಿದ್ದ ಮೇಲೆ ಹೊಲವನ್ನು ಎಲ್ಲಿ ಹುಡುಕುವುದು?

ಪ್ರತಿಗಳು ಹೆಚ್ಚತೊಡಗಿದ್ದೂ ಆಗಲೇ. ಊರಿನ ಪುಸ್ತಕ ಶಾನುಭೋಗರ ಮನೆಯಲ್ಲಿ, ಇನ್ನೊಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಅಳತೆಯ ಮೂಲ ಸರ್ವೆ ಇಲಾಖೆಯಲ್ಲಿ. ಮೂರೂ ಒಂದೇ ಮಾತು ಹೇಳಬೇಕು. ಅದಕ್ಕೆ ಅಂದಿನವರು ಇಟ್ಟುಕೊಂಡ ಏರ್ಪಾಡಿಗೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಅದು ಜಮಾಬಂದಿ.

ಜಮಾಬಂದಿ ಎಂದರೆ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವುದು ಎಂದಷ್ಟೇ ಇಂದಿನವರು ತಿಳಿದಿದ್ದಾರೆ. ನಡೆಯುತ್ತಿದ್ದದ್ದು ಅದಕ್ಕಿಂತ ದೊಡ್ಡ ಕೆಲಸ. ವರ್ಷವೆಲ್ಲ ಊರಿನಲ್ಲಿ ಆಗುವ ಬದಲಾವಣೆಗಳನ್ನು, ಅಂದರೆ ಯಾರು ತೀರಿಕೊಂಡರು, ಯಾವ ಅಣ್ಣತಮ್ಮಂದಿರು ಪಾಲಾದರು, ಯಾರು ಯಾವ ಬೆಳೆ ಇಟ್ಟರು, ಎಷ್ಟು ಕಂದಾಯ ಬಂತು ಎಂಬುದನ್ನು ಶಾನುಭೋಗರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹೋಬಳಿಯ ಶೇಕ್‌ದಾರರು ಬಂದು ಹೊಲಕ್ಕೇ ಹೋಗಿ ನೋಡುತ್ತಿದ್ದರು. ವರ್ಷದ ಕೊನೆಗೆ ಶಾನುಭೋಗರೆಲ್ಲ ಬಟ್ಟೆಯಲ್ಲಿ ಕಟ್ಟಿದ ದಫ್ತರದ ಗಂಟು ಹೊತ್ತು ತಾಲ್ಲೂಕಿಗೆ ಹೋಗಿ, ಮೇಲಧಿಕಾರಿಗಳೆದುರು ಊರಿನ ಲೆಕ್ಕವನ್ನೂ ತಾಲ್ಲೂಕಿನ ಲೆಕ್ಕವನ್ನೂ ಬಾಬು ಬಾಬಾಗಿ ತಾಳೆ ಹಾಕಿಸಬೇಕಿತ್ತು. ಒಪ್ಪಿಗೆಯಾದದ್ದು ನಿಲ್ಲುತ್ತಿತ್ತು, ಉಳಿದದ್ದನ್ನು ಹೊಡೆದುಹಾಕುತ್ತಿದ್ದರು. ಅಂದರೆ ಊರಿನಲ್ಲಿ ಬರೆದದ್ದು ತಾತ್ಕಾಲಿಕ, ತಾಲ್ಲೂಕಿನಲ್ಲಿ ಗಟ್ಟಿಯಾದದ್ದೇ ದಾಖಲೆ.

1996ರಲ್ಲಿ ಜಿಮ್ ಗ್ರೇ ಮತ್ತು ಮೂವರು ಸಂಗಡಿಗರು ರೆಪ್ಲಿಕೇಶನ್‌ನ ಅಪಾಯಗಳ ಬಗ್ಗೆ ಒಂದು ಪ್ರಬಂಧ ಮಂಡಿಸಿದರು. ನನ್ನ ವೃತ್ತಿಯವರೆಲ್ಲ ಒಮ್ಮೆಯಾದರೂ ಓದಿರುವ ಬರಹ ಅದು. ಎಲ್ಲ ಪ್ರತಿಗಳಲ್ಲೂ ಎಲ್ಲರೂ ಬರೆಯಬಹುದು ಎಂದು ಬಿಟ್ಟರೆ, ಯಂತ್ರಗಳೂ ಕೆಲಸವೂ ಹತ್ತು ಪಟ್ಟು ಹೆಚ್ಚಿದಾಗ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುವ ಪ್ರಸಂಗಗಳು ಸಾವಿರ ಪಟ್ಟು ಹೆಚ್ಚುತ್ತವೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಪರಿಹಾರವಾಗಿ ಅವರು ಹೇಳಿದ್ದು ಎರಡು ಅಂತಸ್ತಿನ ವ್ಯವಸ್ಥೆ. ಪ್ರತಿ ದಾಖಲೆಗೂ ಒಬ್ಬ ಒಡೆಯ ಇರಬೇಕು. ಸಂಪರ್ಕ ತಪ್ಪಿ ದೂರದಲ್ಲಿರುವ ಯಂತ್ರಗಳು ತಮ್ಮಲ್ಲಿ ತಾತ್ಕಾಲಿಕವಾಗಿ ಬರೆದುಕೊಂಡು, ಸಂಪರ್ಕ ಸಿಕ್ಕಾಗ ಮೂಲದ ಎದುರು ಒಪ್ಪಿಸಬೇಕು. ಅಲ್ಲಿ ಒಪ್ಪಿಗೆಯಾದದ್ದು ಮಾತ್ರ ಸತ್ಯ. ನಿಡಗಲ್ಲಿನಿಂದಲೋ ಮಿಡಿಗೇಶಿಯಿಂದಲೋ ದಫ್ತರ ಹೊತ್ತು ತಾಲ್ಲೂಕಿಗೆ ಹೊರಟ ಶಾನುಭೋಗರಿಗೆ ಇದನ್ನು ಓದಿ ಹೇಳಿದ್ದರೆ, ಇದರಲ್ಲಿ ಹೊಸದೇನಿದೆ ಎಂದು ಕೇಳುತ್ತಿದ್ದರು.

ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರ ಫೆಬ್ರವರಿ 1ರಿಂದ. ವಂಶಪಾರಂಪರ್ಯದ ಪಟೇಲ, ಶಾನುಭೋಗ ಹುದ್ದೆಗಳು ಹೋದವು. ಆಗಬೇಕಿದ್ದ ಕೆಲಸ ಅದು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. 1964ರ ಭೂಕಂದಾಯ ಕಾಯ್ದೆ, 1966ರ ನಿಯಮಗಳು ಬಂದು, ನಾವಿಂದು ಪಹಣಿ ಎನ್ನುವ ಆರ್‌ಟಿಸಿಯ ನಮೂನೆ ಗಟ್ಟಿಯಾಯಿತು. ಮಾಲೀಕರ ಹೆಸರಿಗೆ 9ನೇ ಕಲಂ, ಜಮೀನು ಹೇಗೆ ಬಂತು ಎಂಬುದಕ್ಕೆ 10, ಸಾಲ ಮತ್ತಿತರ ಋಣಗಳಿಗೆ 11, ಬೆಳೆಗೆ 12. ಬರೆಯುವ ಕೆಲಸ ಗ್ರಾಮ ಲೆಕ್ಕಿಗರ ಪಾಲಾಯಿತು. ರಾಜ್ಯದಲ್ಲಿ ಅವರು ಸುಮಾರು 9,000 ಜನ, ಒಬ್ಬೊಬ್ಬರಿಗೆ ಹಲವು ಊರು.

ಶಾನುಭೋಗರು ಹೋದಾಗ ಅವರ ತಲೆಯಲ್ಲಿದ್ದ ಪ್ರತಿಯೂ ಹೋಯಿತು. ಜಮಾಬಂದಿಯ ಹಳೆಯ ಬಿಗಿಯೂ ಕ್ರಮೇಣ ಸಡಿಲಿತು. ತಾಲ್ಲೂಕಿನ ಪ್ರತಿ ಹಳತಾಗುತ್ತ, ಲೆಕ್ಕಿಗರ ಚೀಲದಲ್ಲಿದ್ದ ಪ್ರತಿಯೇ ಮತ್ತೆ ಏಕಮಾತ್ರ ಪ್ರತಿಯಾಯಿತು. ನಾನು ಚಿಕ್ಕವಳಿದ್ದಾಗ ಪಹಣಿ ಬೇಕಾದರೆ ಅಪ್ಪ ಸಂತೆಯ ದಿನ ಕಾಯುತ್ತಿದ್ದರು. "ಅಕೌಂಟೆಂಟ್ರು ಇವತ್ತು ಸಂತೆಗೆ ಬತ್ತಾರಂತೆ, ಅಲ್ಲೇ ಹಿಡ್ಕಾಬೇಕು" ಎಂದು ಬೆಳಿಗ್ಗೆಯೇ ಹೊರಡುತ್ತಿದ್ದರು. ಸಿಕ್ಕರೆ ಟೀ ಅಂಗಡಿಯ ಬೆಂಚಿನ ಮೇಲೆ ಪುಸ್ತಕ ಬಿಚ್ಚಿ ನಕಲು ಬರೆದುಕೊಡುತ್ತಿದ್ದರು. ಸರ್ಕಾರದ ಶುಲ್ಕ ಎಷ್ಟು, ಕೈಗೆ ಕೊಡಬೇಕಾದದ್ದು ಎಷ್ಟು ಎಂಬ ಲೆಕ್ಕ ಯಾವ ಕಲಂನಲ್ಲೂ ಬರೆದಿರಲಿಲ್ಲ. ತಾತ ತೀರಿಕೊಂಡ ಮೇಲೆ ಪೌತಿ ಖಾತೆ ಆಗಲು ವರ್ಷಗಳೇ ಹಿಡಿದವು. ಆ ವರ್ಷಗಳಲ್ಲಿ ಹೊಲ ಉಳುತ್ತಿದ್ದವರು ಅಪ್ಪ, ಪುಸ್ತಕದಲ್ಲಿದ್ದವರು ತಾತ.

ಕಂಪ್ಯೂಟರಿಗೆ ಪಹಣಿ ಏರಿಸುವ ಕೇಂದ್ರ ಸರ್ಕಾರದ ಯೋಜನೆ 1988-89ರಲ್ಲೇ ಹೊರಟಿತ್ತು, ಕರ್ನಾಟಕದಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿ ಪ್ರಯೋಗವೂ ಆಯಿತು. ಅದು ನೆಲೆ ನಿಲ್ಲಲಿಲ್ಲ, ಏಕೆಂದರೆ ಕಂಪ್ಯೂಟರ್ ಕೂತದ್ದು ಜಿಲ್ಲಾ ಕೇಂದ್ರದಲ್ಲಿ, ಬದಲಾವಣೆ ಆಗುತ್ತಿದ್ದದ್ದು ಊರಿನಲ್ಲಿ ಮತ್ತು ತಾಲ್ಲೂಕಿನಲ್ಲಿ. ಹೊಲದಲ್ಲಿ ಆದದ್ದು ಜಿಲ್ಲೆಯನ್ನು ಮುಟ್ಟುವ ಹೊತ್ತಿಗೆ ಅಲ್ಲಿನ ದಾಖಲೆ ಹಳೆಯ ದಿನಪತ್ರಿಕೆಯಾಗಿರುತ್ತಿತ್ತು. ಬರೆಯುವ ಜಾಗವನ್ನು ಬರಹ ಹುಟ್ಟುವ ಜಾಗದಿಂದ ದೂರ ಒಯ್ದರೆ ಯಾವ ಯಂತ್ರವೂ ಅದನ್ನು ಉಳಿಸಲಾರದು.

ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು, ರಾಷ್ಟ್ರೀಯ ಮಾಹಿತಿ ಕೇಂದ್ರದವರು ತಂತ್ರಾಂಶ ಬರೆದು ಕಟ್ಟಿದ ಭೂಮಿ ಯೋಜನೆ ಇದನ್ನು ಸರಿಯಾಗಿ ಹಿಡಿಯಿತು. ಸರ್ವರ್ ತಾಲ್ಲೂಕು ಕಚೇರಿಗೇ ಬಂತು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದ್ದವು. ಗ್ರಾಮ ಲೆಕ್ಕಿಗರು ತಮ್ಮ ಪುಸ್ತಕ ತಂದುಕೊಟ್ಟರು, ಗುತ್ತಿಗೆಯ ಹುಡುಗ ಹುಡುಗಿಯರು ಬೆರಳಚ್ಚು ಮಾಡಿದರು, ಅಚ್ಚಾದ ಹಾಳೆಗಳನ್ನು ಲೆಕ್ಕಿಗರು ಪುಸ್ತಕದೊಂದಿಗೆ ತಾಳೆ ನೋಡಿ ಸಹಿ ಹಾಕಿದರು. ಆಮೇಲೆ ಸರ್ಕಾರ ಒಂದು ಗಟ್ಟಿ ಹೆಜ್ಜೆ ಇಟ್ಟಿತು. ತಾಲ್ಲೂಕಿನ ದಾಖಲೆ ಪೂರ್ತಿಯಾದ ದಿನದಿಂದ ಕೈಬರಹದ ಪಹಣಿ ಅಲ್ಲಿ ಚಲಾವಣೆಯಲ್ಲಿಲ್ಲ ಎಂದಿತು. ಭೂಮಿಯ ಯಶಸ್ಸಿಗೆ ಹದಿನೈದು ರೂಪಾಯಿಗೆ ಕೌಂಟರಿನಲ್ಲಿ ಸಿಕ್ಕ ಪಹಣಿಯನ್ನು ಎಲ್ಲರೂ ಕಾರಣವಾಗಿ ಹೇಳುತ್ತಾರೆ. ನನ್ನ ಪ್ರಕಾರ ನಿಜವಾದ ಕಾರಣ ಈ ನಿಷೇಧ. ಎರಡನೆಯ ಬರೆಯುವ ಕೈಯನ್ನು ಅದು ಕಟ್ಟಿಹಾಕಿತು.

ಬರೆಯುವ ಒಂದು ಕೈಯನ್ನೂ ಹಾಗೇ ಬಿಡಲಿಲ್ಲ. ಖಾತೆ ಬದಲಾವಣೆಯ ಅರ್ಜಿ ಬಂದ ಕ್ರಮದಲ್ಲೇ ನಂಬರ್ ಬೀಳುತ್ತದೆ. ಆಗ ನೋಟಿಸು ಹೊರಟು, ತಕರಾರಿಗೆ ಮೂವತ್ತು ದಿನ ಬಿಟ್ಟು, ಆಮೇಲೆ ರೆವಿನ್ಯೂ ಇನ್ಸ್‌ಪೆಕ್ಟರ್ ಆದೇಶ ಮಾಡಬೇಕಿತ್ತು. ತಂತ್ರಾಂಶ ತೆರೆಯಲು ಬೆರಳಿನ ಗುರುತು ಬೇಕು. ಆದೇಶದ ಹಾಳೆ ಸ್ಕ್ಯಾನ್ ಆಗುತ್ತದೆ, ಹೊಸ ಪಹಣಿಯ 10ನೇ ಕಲಂನಲ್ಲಿ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಕೂರುತ್ತದೆ. ಆ ನಂಬರ್ ಹಿಡಿದು ಹಿಂದಕ್ಕೆ ಹೋದರೆ ಯಾವ ದಿನ ಯಾರು ಯಾವ ಆಧಾರದ ಮೇಲೆ ಬದಲಾಯಿಸಿದರು ಎಂಬುದು ಸಿಗುತ್ತದೆ. ಅಟ್ಟದ ಕಡತದಲ್ಲಿ ಒರೆಸಿಹೋಗಿದ್ದದ್ದು ಇಲ್ಲಿ ಉಳಿಯುತ್ತದೆ.

ಭೂಮಿ ಜಾರಿಯಾಗುತ್ತಿದ್ದ ವರ್ಷಗಳಲ್ಲೇ ಅಮೆರಿಕದಲ್ಲಿ ಇನ್ನೊಂದು ಮಾತು ನಡೆದಿತ್ತು. 2000ದ ಜುಲೈನಲ್ಲಿ ಪೋರ್ಟ್‌ಲ್ಯಾಂಡ್‌ನ ಸಮ್ಮೇಳನವೊಂದರಲ್ಲಿ ಎರಿಕ್ ಬ್ರೂವರ್ ಒಂದು ಊಹೆ ಮುಂದಿಟ್ಟರು. ಯಂತ್ರಗಳ ನಡುವಿನ ಸಂಪರ್ಕ ಕಡಿದಾಗ, ಎಲ್ಲ ಪ್ರತಿಗಳೂ ಒಂದೇ ಮಾತು ಹೇಳುವುದು ಬೇಕೋ, ಕೇಳಿದವರಿಗೆಲ್ಲ ಉತ್ತರ ಸಿಗುವುದು ಬೇಕೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಎರಡೂ ಸಿಗವು ಎಂದು. 2002ರಲ್ಲಿ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಅದನ್ನು ಗಣಿತದಿಂದ ಸಾಧಿಸಿದರು. ಅದೇ ವರ್ಷಗಳಲ್ಲಿ ಪಾವಗಡದಲ್ಲಿ ಈ ಆಯ್ಕೆ ಆಗಿಹೋಗಿತ್ತು. ಪಾವಗಡದ ನಕ್ಷೆ ನೋಡಿದವರಿಗೆ ಗೊತ್ತು, ಮೂರು ಕಡೆಯಿಂದ ಆಂಧ್ರ ಸುತ್ತುವರಿದ ತಾಲ್ಲೂಕು ಅದು. ಅಲ್ಲಿನ ಪಹಣಿ ತುಮಕೂರನ್ನೋ ಬೆಂಗಳೂರನ್ನೋ ಕೇಳಿಯೇ ಅಚ್ಚಾಗಬೇಕು ಎಂದಿದ್ದರೆ, ತಂತಿ ಕಡಿದ ದಿನ ಕೌಂಟರ್ ಮುಚ್ಚಬೇಕಿತ್ತು. ತಾಲ್ಲೂಕಿಗೊಂದು ಸರ್ವರ್ ಇದ್ದದ್ದರಿಂದ ಆ ಪ್ರಶ್ನೆಯೇ ಬರಲಿಲ್ಲ. ಪಾವಗಡದ ಹೊಲಗಳ ಮೇಲೆ ಬರೆಯುವ ಹಕ್ಕು ಪಾವಗಡಕ್ಕೆ ಮಾತ್ರ, ಶಿರಾದ ಮೇಲೆ ಶಿರಾಕ್ಕೆ ಮಾತ್ರ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕಾಯಬೇಕಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಶಾರ್ಡಿಂಗ್ ಎನ್ನುತ್ತಾರೆ. ಭಾರ ಹೆಚ್ಚಿದಂತೆ ಹಿಗ್ಗುವ ಉಪಾಯ ಇದು, ಮತ್ತು ಇದರಲ್ಲಿ ಜಾಣತನವಿರುವುದು ಎಲ್ಲಿ ಕತ್ತರಿಸಬೇಕೆಂಬುದರಲ್ಲಿ. ತಾಲ್ಲೂಕಿನ ಗಡಿಯಲ್ಲಿ ಕತ್ತರಿಸಿದ್ದು ಸರಿಯಾದ ಕಡೆ. ಒಂದು ಹೊಲ ಎರಡು ತಾಲ್ಲೂಕಿನಲ್ಲಿ ಇರುವುದಿಲ್ಲ.

ಆದರೆ ಬರೆಯುವವರಿಗೆ ಹತ್ತಿರವಾದದ್ದು ಓದುವವರಿಗೆ ಹತ್ತಿರವಾಗಲಿಲ್ಲ. ನಾಗಲಮಡಿಕೆಯವರು ಪಾವಗಡಕ್ಕೆ, ಬುಕ್ಕಾಪಟ್ಟಣದವರು ಶಿರಾಕ್ಕೆ, ಕೊಡಿಗೇನಹಳ್ಳಿಯವರು ಮಧುಗಿರಿಗೆ, ಕೋಳಾಲ ಹೊಳವನಹಳ್ಳಿಯವರು ಕೊರಟಗೆರೆಗೆ ಬಸ್ಸು ಹಿಡಿಯಬೇಕಿತ್ತು. ಅದೂ ಎಲ್ಲರೂ ಒಟ್ಟಿಗೆ. ಮುಂಗಾರಿಗೆ ಮುಂಚೆ ಬೆಳೆ ಸಾಲ, ಆಮೇಲೆ ಬೆಳೆ ವಿಮೆ, ಮಳೆ ಕೈಕೊಟ್ಟರೆ ಬರ ಪರಿಹಾರ, ಎಲ್ಲಕ್ಕೂ ಹೊಸ ಪಹಣಿ. ಕಡ್ಲೆಕಾಯಿ ಬಿತ್ತುವ ನಮ್ಮ ಸೀಮೆಯಲ್ಲಿ ಮಳೆ ಕೈಕೊಡುವುದು ಅಪರೂಪವೂ ಅಲ್ಲ. ಹೊಲ ಮಾರುವುದು, ಭಾಗವಾಗುವುದು ಒಂದು ಮನೆಯಲ್ಲಿ ತಲೆಮಾರಿಗೊಮ್ಮೆ. ಪಹಣಿ ಬೇಕಾಗುವುದು ವರ್ಷವರ್ಷವೂ. ಬರೆಯುವುದು ಇಷ್ಟು ಕಡಿಮೆ, ಓದುವುದು ಇಷ್ಟು ಹೆಚ್ಚು ಇರುವಾಗ ಓದುವ ಪ್ರತಿಗಳನ್ನು ಧಾರಾಳವಾಗಿ ಹಂಚಬಹುದು. ಹಾಗೇ ಆಯಿತು. ತಾಲ್ಲೂಕುಗಳ ದಾಖಲೆಗಳು ಬೆಂಗಳೂರಿನ ಕೇಂದ್ರ ಸರ್ವರಿಗೆ ಹೋಗತೊಡಗಿದವು, 2006ರಿಂದ ಹೋಬಳಿಗಳಲ್ಲಿ ತೆರೆದ ನೆಮ್ಮದಿ ಕೇಂದ್ರಗಳು ಆ ಪ್ರತಿಯಿಂದ ಪಹಣಿ ಅಚ್ಚು ಹಾಕಿಕೊಟ್ಟವು.

ಈ ಸೌಲಭ್ಯದ ಬೆಲೆ ಏನೆಂದು ನಮ್ಮ ಚಿಕ್ಕಪ್ಪನಿಂದ ಕಲಿತೆ. ಪಾಲುಪಟ್ಟಿಯ ಪ್ರಕಾರ ಅವರ ಹೆಸರಿಗೆ ಖಾತೆ ಆಯಿತು, ತಾಲ್ಲೂಕಿನಲ್ಲಿ ಆದೇಶವೂ ಆಯಿತು. ಮಾರನೆಯ ದಿನವೇ ಸಾಲಕ್ಕೆಂದು ಹತ್ತಿರದ ಒಂದು ಕೇಂದ್ರದಲ್ಲಿ ಪಹಣಿ ತೆಗೆಸಿದರು. ಬಂದದ್ದು ಹಳೆಯ ಹೆಸರು. ಬದಲಾವಣೆ ಬೆಂಗಳೂರಿನ ಪ್ರತಿಗೆ ಇನ್ನೂ ತಲುಪಿರಲಿಲ್ಲ. ಸಾಲ ಕೊಡುವವರು ಆದೇಶದ ಹಾಳೆ, ಪಹಣಿಯ ಹಾಳೆ ಎರಡನ್ನೂ ನೋಡಿ, ಯಾವುದು ನಿಜ ಎಂದು ಕೇಳಿದರು. "ಸರ್ಕಾರದ್ದೇ ಮುದ್ರೆ, ಸರ್ಕಾರದ್ದೇ ಹಾಳೆ. ನಾನು ಯಾವುದು ಅಂತ ಹೇಳ್ಲವ್ವ?" ಎಂದು ಚಿಕ್ಕಪ್ಪ ನನ್ನನ್ನು ಕೇಳಿದರು. ನಾವು ಇದಕ್ಕೆ ಲ್ಯಾಗ್ ಎಂದು ಹೆಸರಿಟ್ಟು, ಗ್ರಾಫ್ ಬರೆದು, ಇಷ್ಟು ಸೆಕೆಂಡಾದರೆ ಸಹ್ಯ ಎಂದು ತೀರ್ಮಾನಿಸುತ್ತೇವೆ. ಬಿತ್ತನೆಯ ಹೊತ್ತಿಗೆ ಕೈಗೆ ಹಣ ಬಾರದವನಿಗೆ ಅದು ಸೆಕೆಂಡಿನ ಮಾತಲ್ಲ. ಅಂದಿನಿಂದ ನಾನು ಕಟ್ಟುವ ಪ್ರತಿಯೊಂದು ವ್ಯವಸ್ಥೆಯಲ್ಲೂ, ಓದುವ ಪ್ರತಿ ಯಾವ ಹೊತ್ತಿನವರೆಗಿನ ಬರಹವನ್ನು ತೋರಿಸುತ್ತಿದೆ ಎಂಬುದನ್ನು ಎದುರಿಗೇ ಬರೆಯಬೇಕೆಂದು ಹಟ ಹಿಡಿಯುತ್ತೇನೆ.

ಎಲ್ಲ ಮಾಹಿತಿಗೂ ಒಂದೇ ಬಿಗಿ ಬೇಕೆಂದಲ್ಲ. 2007ರಲ್ಲಿ ಅಮೆಜಾನ್ ಕಂಪನಿಯವರು ತಮ್ಮ ಡೈನಮೊ ಎಂಬ ವ್ಯವಸ್ಥೆಯ ಬಗ್ಗೆ ಬರೆದರು. ಅಲ್ಲಿ ಗ್ರಾಹಕರ ಬುಟ್ಟಿಗೆ ಯಾವ ಕ್ಷಣದಲ್ಲೂ ಸಾಮಾನು ಹಾಕಲು ಆಗಲೇಬೇಕು, ಪ್ರತಿಗಳು ಭಿನ್ನವಾದರೆ ಆಮೇಲೆ ಕೂಡಿಸಿಕೊಳ್ಳೋಣ ಎಂಬುದು ನೀತಿ. ಹಾಗೆ ಕೂಡಿಸುವಾಗ ಬುಟ್ಟಿಯಿಂದ ತೆಗೆದುಹಾಕಿದ ಸಾಮಾನು ಮತ್ತೆ ಕಾಣಿಸಿಕೊಳ್ಳಬಹುದು ಎಂದು ಅವರೇ ಬರೆದಿದ್ದಾರೆ. ಬುಟ್ಟಿಗೆ ಅದು ನಡೆದೀತು. ಕ್ರಯ ಕೊಟ್ಟು ಹೋದವನ ಹೆಸರು ಪಹಣಿಯಲ್ಲಿ ಮತ್ತೆ ಎದ್ದು ಕೂತರೆ ಕೊಲೆಗಳಾಗುತ್ತವೆ. ನೆಲದ ದಾಖಲೆಯಲ್ಲಿ ಉತ್ತರ ತಡವಾದರೂ ಪರವಾಗಿಲ್ಲ, ಎರಡು ಉತ್ತರ ಇರಕೂಡದು.

ಎರಡು ಉತ್ತರ ಹುಟ್ಟುವ ಇನ್ನೊಂದು ಜಾಗ ನೋಂದಣಿ ಕಚೇರಿ ಮತ್ತು ತಾಲ್ಲೂಕು ಕಚೇರಿಯ ನಡುವಿನ ಸಂದು. ಕ್ರಯಪತ್ರ ಆಗುವುದು ಸಬ್ ರಿಜಿಸ್ಟ್ರಾರ್ ಬಳಿ, ಖಾತೆ ಆಗುವುದು ತಾಲ್ಲೂಕಿನಲ್ಲಿ. ನಡುವೆ ಓಡಾಡುತ್ತಿದ್ದದ್ದು ಜೆ-ಸ್ಲಿಪ್ ಎಂಬ ಕಾಗದ. ಆ ಕಾಗದ ತಲುಪುವ ಮೊದಲು ಅದೇ ಹೊಲವನ್ನು ಇನ್ನೊಬ್ಬರಿಗೆ ಬರೆದುಕೊಟ್ಟ ಪ್ರಕರಣಗಳು ಯಾವ ತಾಲ್ಲೂಕಿನಲ್ಲಿ ಇಲ್ಲ? ನೋಂದಣಿಯ ಕಾವೇರಿ ತಂತ್ರಾಂಶವನ್ನು ಭೂಮಿಗೆ ಜೋಡಿಸಿದ ಮೇಲೆ, ಒಂದರಲ್ಲಿ ಬರೆಯುವ ಮುಂಚೆ ಇನ್ನೊಂದನ್ನು ಕೇಳುವ ಪದ್ಧತಿ ಬಂತು. ಹೊಲದ ಒಂದು ಭಾಗ ಮಾತ್ರ ಮಾರುವುದಾದರೆ ಮೊದಲು ಅಳತೆ ಮಾಡಿಸಿ 11ಇ ನಕ್ಷೆ ತರಬೇಕು ಎಂಬ ನಿಯಮವೂ ಅದೇ ಜಾತಿಯದು. ಜನ ಇದನ್ನು ಅಲೆದಾಟ ಎಂದು ಬಯ್ಯುತ್ತಾರೆ. ಅಲೆದಾಟ ಹೌದು. ಆದರೂ ನಾನು ಆ ನಿಯಮದ ಪರ.

ಇಷ್ಟೆಲ್ಲದರ ನಂತರವೂ ಬಗೆಹರಿಯದೆ ಉಳಿದಿರುವುದು ಪೋಡಿ. ಒಂದು ಸರ್ವೆ ನಂಬರು ಅಜ್ಜನ ಕಾಲದಿಂದ ಹರಿದು ಹಂಚಿಹೋಗಿದೆ, ಅನುಭವದಲ್ಲಿ ಬದು ಬೇರೆ ಬೇರೆ, ಪಹಣಿ ಮಾತ್ರ ಒಂದೇ. 9ನೇ ಕಲಂನಲ್ಲಿ ಅಣ್ಣ, ತಮ್ಮ, ಅತ್ತಿಗೆ, ಕೊಂಡುಕೊಂಡ ಪಕ್ಕದೂರಿನವರು, ಎಲ್ಲರೂ ಸಾಲಾಗಿ. ಅವರಲ್ಲೊಬ್ಬರು ಬ್ಯಾಂಕಿನಿಂದ ಸಾಲ ತೆಗೆದರೆ 11ನೇ ಕಲಂನಲ್ಲಿ ಬೀಳುವ ನಮೂದು ಎಲ್ಲರ ಕೈಯಲ್ಲಿರುವ ಹಾಳೆಯ ಮೇಲೂ ಅಚ್ಚಾಗುತ್ತದೆ. ಒಬ್ಬರ ಮೇಲೆ ತಕರಾರು ಬಿದ್ದರೆ ಉಳಿದವರ ಕೆಲಸವೂ ನಿಲ್ಲುತ್ತದೆ. ಸರ್ವರ್ ಎಷ್ಟೇ ವೇಗದ್ದಾಗಿರಲಿ, ಪ್ರತಿಗಳು ಹೋಬಳಿ ಹೋಬಳಿಗೂ ಇರಲಿ, ಹತ್ತು ಜನ ಒಂದೇ ಸಾಲಿನ ಮೇಲೆ ಬರೆಯಲು ಕಾಯುತ್ತಿದ್ದರೆ ಸರತಿ ಕರಗದು. ಅದನ್ನು ಕರಗಿಸುವವರು ಸರ್ವೆಯರ್‌ಗಳು. ಹೊಲಕ್ಕೆ ಹೋಗಿ, ಅಳೆದು, ಹಿಸ್ಸಾ ನಂಬರ್ ಕೊಟ್ಟು, ಒಂದು ಪಹಣಿಯನ್ನು ನಾಲ್ಕು ಮಾಡುವವರು.

ನೆಲದ ದಾಖಲೆ ಒಂದು ಊರಿನ ಬದುಕನ್ನು ಎಷ್ಟರಮಟ್ಟಿಗೆ ತಿರುಗಿಸುತ್ತದೆ ಎಂಬುದಕ್ಕೆ ಪಾವಗಡದ ಸೋಲಾರ್ ಪಾರ್ಕ್ ಸಾಕ್ಷಿ. ತಿರುಮಣಿ, ವಳ್ಳೂರು, ಬಳಸಮುದ್ರ, ರ್‍ಯಾಪ್ಟೆಯ ಸುತ್ತಲಿನ ಬರಡು ಸೀಮೆಯಲ್ಲಿ ಸುಮಾರು 13,000 ಎಕರೆ. ಅಲ್ಲಿ ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಒಡೆತನ ರೈತರದ್ದೇ ಉಳಿಯಿತು. ಗುತ್ತಿಗೆ ಹಣ ಬರಬೇಕಾದದ್ದು ಪಹಣಿಯಲ್ಲಿ ಹೆಸರಿರುವವರಿಗೆ. ಪಹಣಿ ನೆಟ್ಟಗಿದ್ದವರಿಗೆ ವರ್ಷವರ್ಷ ಹಣ, ತೀರಿಹೋದವರ ಹೆಸರಿನಲ್ಲೇ ಉಳಿದ ಹೊಲದವರಿಗೆ ಮೊದಲು ಪೌತಿ ಖಾತೆಯ ದಾರಿ. ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು ಯಾವ ಕಲಂನಲ್ಲೂ ಇರಲಿಲ್ಲ. ಹೊಲ ಗಾಜಿನ ಹಲಗೆಗಳ ಅಡಿ ಹೋದಾಗ ಅವರ ಕೆಲಸ ಹೋದದ್ದು ಯಾವ ಸರ್ವರಿನಲ್ಲೂ ದಾಖಲಾಗಲಿಲ್ಲ. ದಾಖಲೆಯನ್ನು ಎಷ್ಟು ಪ್ರತಿ ಮಾಡಿದರೂ, ಬರೆಯದೇ ಬಿಟ್ಟದ್ದು ಯಾವ ಪ್ರತಿಯಲ್ಲೂ ಬರುವುದಿಲ್ಲ. ನನ್ನ ವೃತ್ತಿಯವರು ಇದನ್ನು ಮರೆಯಬಾರದು.

ಈಗ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿ ಭೂ ಸುರಕ್ಷಾ ಯೋಜನೆಯ ಕೆಲಸ ನಡೆದಿದೆ. 2024ರಲ್ಲಿ ಆರಂಭವಾದದ್ದು. ಹಳೆಯ ರಿಜಿಸ್ಟರುಗಳನ್ನು, ಎಂ.ಆರ್. ಪುಸ್ತಕಗಳನ್ನು, ಮಂಜೂರಾತಿ ಕಡತಗಳನ್ನು ಕಟ್ಟು ಬಿಚ್ಚಿ, ಪುಟ ನಂಬರ್ ಹಾಕಿ, ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಸುಟ್ಟರೆ, ಕಳೆದರೆ, ಯಾರಾದರೂ ಒಂದು ಹಾಳೆ ಹರಿದುಕೊಂಡು ಹೋದರೆ ಎಂಬ ಭಯಕ್ಕೆ ಇದು ಉತ್ತರ. ಈ ಪ್ರತಿಗಳನ್ನು ಯಾರೂ ತಿದ್ದುವಂತಿಲ್ಲದ ಕಾರಣ ಎಷ್ಟು ಕಡೆ ಇಟ್ಟರೂ ತೊಡಕಿಲ್ಲ, ಬೆಂಗಳೂರಿನಲ್ಲೊಂದು, ದೂರದ ಇನ್ನೊಂದು ಊರಿನಲ್ಲೊಂದು ಇರಲಿ. ನನ್ನದೊಂದೇ ಕೋರಿಕೆ. ಸ್ಕ್ಯಾನ್ ಆದ ಮೇಲೆ ಮೂಲ ಕಾಗದವನ್ನು ರದ್ದಿಗೆ ಹಾಕಬೇಡಿ. ಶಾಯಿ ಯಾವುದು, ಹೊಡೆದುಹಾಕಿದ ಗೆರೆ ಹೆಸರಿಗಿಂತ ಮೊದಲಿನದೋ ಆಮೇಲಿನದೋ ಎಂದು ನ್ಯಾಯಾಲಯ ಕೇಳಿದಾಗ ಚಿತ್ರ ನೋಡಿ ಹೇಳಲಾಗದು. ಹಾಗೆಯೇ, ಶಾನುಭೋಗರ ಮನೆಗಳಲ್ಲಿ ಉಳಿದಿರುವ ಕಡತಗಳನ್ನೂ ಈ ಕೆಲಸದಲ್ಲಿ ಸೇರಿಸಿಕೊಳ್ಳಬೇಕು. ಕಾನೂನಿನ ಕಣ್ಣಿನಲ್ಲಿ ಅವು ಈಗ ದಾಖಲೆಗಳಲ್ಲ, ನಿಜ. ಆದರೂ ಓರೆ ಬೆಳಕಿನಲ್ಲಿ ಫೋಟೋ ತೆಗೆದರೆ ಒರೆಸಿದ ಹೆಸರುಗಳಲ್ಲಿ ಕೆಲವಾದರೂ ಓದಲು ಸಿಕ್ಕಾವು. ಆ ಅಜ್ಜಿಯ ಮನೆಯದ್ದನ್ನು ಕೊಡಲು ಅವರು ಒಪ್ಪಿದ್ದಾರೆ. ಪಡೆದುಕೊಳ್ಳಲು ಯಾರ ಬಳಿ ಅರ್ಜಿ ಹಾಕಬೇಕೆಂದು ವಿಚಾರಿಸುತ್ತಿದ್ದೇನೆ.